ಮನೆಗೆ ಬಂದ ಹಾವು: ಸಾಕುವುದೇ, ಬಿಡುವುದೇ, ಬಿಡುವುದಾದರೆ ಎಲ್ಲಿ?

ಹಾವು ಬಕೆಟ್ಟಿನೊಳಗೆ ಸೇರಿ ಮೇಲೆ ಮುಚ್ಚಳ ಬಿದ್ದೊಡನೆ ಮನೆಯವರ ಧಾಟಿಯೇ ಬದಲಾಗುತ್ತದೆ. ಅಷ್ಟು ಹೊತ್ತಿನ ಗಾಬರಿ ಇಳಿದು ಕುತೂಹಲ ಏರುತ್ತದೆ. ಮರಿಯಾಗಿದ್ದರಂತೂ ಮಕ್ಕಳು ಸುತ್ತ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಾರೆ. ವಿಷವಿಲ್ಲದ್ದು ಎಂದು ಯಾರೋ ಹೇಳಿದರೆ ಸಾಕು, ಇಟ್ಟುಕೊಂಡರೇನು ಎಂಬ ಆಸೆ ತಲೆಯೆತ್ತುತ್ತದೆ. ಒಂದು ಗಾಜಿನ ಪೆಟ್ಟಿಗೆ, ಒಂದು ನೀರಿನ ಬಟ್ಟಲು, ಇನ್ನೇನು ಬೇಕು? ಅಷ್ಟರಲ್ಲಿ ಮನೆಯ ಹಿರಿಯರೊಬ್ಬರು ಮರುಕದಿಂದ, ‘ಬೇಡಪ್ಪ, ಎಲ್ಲಾದರೂ ದೂರದ ಕಾಡಿಗೆ ಬಿಟ್ಟು ಬನ್ನಿ’ ಎನ್ನುತ್ತಾರೆ.

ಒಂದು ಆಸೆಯ ಮಾತು, ಇನ್ನೊಂದು ಕರುಣೆಯ ಮಾತು. ಮೇಲ್ನೋಟಕ್ಕೆ ಒಂದಕ್ಕೊಂದು ತದ್ವಿರುದ್ಧ. ಆದರೆ ಹಾವಿನ ಕಡೆಯಿಂದ ಲೆಕ್ಕ ಹಾಕಿದರೆ ಎರಡರಲ್ಲೂ ಅದಕ್ಕಾಗುವ ನಷ್ಟ ಒಂದೇ: ತಾನು ಬಲ್ಲ ನೆಲ ಕೈತಪ್ಪುತ್ತದೆ. ಈ ನಷ್ಟ ಎಂಥದ್ದು ಎಂದು ತಿಳಿದರೆ ಸಾಕಬೇಕೋ ಬಿಡಬೇಕೋ ಎಂಬ ಪ್ರಶ್ನೆ ಹೆಚ್ಚುಕಡಿಮೆ ತಾನಾಗಿಯೇ ಬಗೆಹರಿಯುತ್ತದೆ. ಉಳಿಯುವುದು ಎಲ್ಲಿ, ಯಾವಾಗ, ಯಾರ ಕೈಯಿಂದ ಬಿಡಬೇಕು ಎಂಬುದಷ್ಟೇ.

ಮೊದಲು ಕೈ ಹಿಂದಕ್ಕೆ

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 54 ಲಕ್ಷ ಜನರಿಗೆ ಹಾವು ಕಚ್ಚುತ್ತದೆ. 81 ಸಾವಿರದಿಂದ 1.38 ಲಕ್ಷ ಮಂದಿ ಸಾಯುತ್ತಾರೆ. ‘ವಿಷವಿಲ್ಲದ್ದು’ ಎಂಬ ತೀರ್ಮಾನವನ್ನು ಅಂದಾಜಿನ ಮೇಲೆ ಮಾಡುವುದು ಎಷ್ಟು ದುಬಾರಿ ಎಂಬುದಕ್ಕೆ ಇಷ್ಟು ಸಾಕು.

ತಲೆ ತ್ರಿಕೋನಾಕಾರವಾಗಿದ್ದರೆ ವಿಷದ್ದು, ಮೈಮೇಲೆ ಪಟ್ಟೆಯಿದ್ದರೆ ವಿಷದ್ದು ಎಂಬ ಸೂತ್ರಗಳು ಎಲ್ಲ ಕಡೆಯೂ ಓಡಾಡುತ್ತವೆ, ಎಲ್ಲ ಕಡೆಯೂ ಕೈಕೊಡುತ್ತವೆ. ವಿಷವಿಲ್ಲದ ಎಷ್ಟೋ ಹಾವುಗಳು ಹೆದರಿದಾಗ ದವಡೆಯನ್ನು ಅಗಲಿಸಿ ತಲೆಯನ್ನು ಚಪ್ಪಟೆ ಮಾಡಿಕೊಳ್ಳುತ್ತವೆ. ಇತ್ತ ಕಟ್ಟುಹಾವಿನ ತಲೆ ಕುತ್ತಿಗೆಗಿಂತ ಅಷ್ಟೇನೂ ಅಗಲವಿಲ್ಲ, ವಿಷ ಮಾತ್ರ ಪ್ರಾಣಾಂತಕ. ಅದನ್ನೇ ಹೋಲುವ ತೋಳಹಾವು ಮನುಷ್ಯನಿಗೆ ನಿರಪಾಯಕಾರಿ. ಮಂದ ಬೆಳಕಿನಲ್ಲಿ, ಗೋಡೆಯ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿರುವಾಗ ಇವೆರಡನ್ನು ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಕಷ್ಟ. ಮರಿಯಾದ್ದರಿಂದ ವಿಷವಿರುವುದಿಲ್ಲ ಎಂಬುದೂ ಸುಳ್ಳು. ವಿಷದ ಹಾವಿನ ಮರಿ ಹುಟ್ಟುವಾಗಲೇ ವಿಷವನ್ನೂ ಅದನ್ನು ಚುಚ್ಚುವ ಹಲ್ಲನ್ನೂ ಹೊತ್ತು ತಂದಿರುತ್ತದೆ.

ಬಲ್ಲವರೂ ಎಡವಿದ್ದಾರೆ. 1957ರ ಸೆಪ್ಟೆಂಬರಿನಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂನ ಹೆಸರಾಂತ ಉರಗತಜ್ಞ ಕಾರ್ಲ್ ಪ್ಯಾಟರ್ಸನ್ ಸ್ಮಿಟ್ ಅವರ ಬಳಿಗೆ ಗುರುತಿಸಿಕೊಡಿ ಎಂದು ಒಂದು ಮರಿಹಾವು ಬಂತು. ಅದು ಆಫ್ರಿಕಾದ ಮರಗಳ ಮೇಲೆ ವಾಸಿಸುವ ಬೂಮ್‌ಸ್ಲ್ಯಾಂಗ್. ಕೈಯಲ್ಲಿ ಹಿಡಿದಿದ್ದಾಗ ಹೆಬ್ಬೆರಳಿಗೆ ಕಚ್ಚಿತು. ಮರಿ, ಗಾಯವೂ ಸಣ್ಣದು ಎಂದುಕೊಂಡ ಅವರು ತಮ್ಮ ಮೈಯಲ್ಲಿ ಆಗುತ್ತಿದ್ದುದನ್ನು ಬರೆದಿಡುತ್ತಾ ಹೋದರು, ಮರುದಿನ ತೀರಿಕೊಂಡರು. 1975ರಲ್ಲಿ ಜರ್ಮನಿಯ ರಾಬರ್ಟ್ ಮೆರ್ಟೆನ್ಸ್ ಎಂಬ ಅಷ್ಟೇ ದೊಡ್ಡ ವಿದ್ವಾಂಸರನ್ನು ಅವರೇ ಸಾಕಿದ್ದ, ಒಣಕಡ್ಡಿಯಂತೆ ಕಾಣುವ ಆಫ್ರಿಕಾದ ಹಾವೊಂದು ಕಚ್ಚಿತು. ಆ ಜಾತಿಯ ವಿಷಕ್ಕೆ ಮದ್ದಿಲ್ಲ. ಹದಿನೆಂಟು ದಿನ ನರಳಿ ಸತ್ತರು. ಈ ಎರಡೂ ಹಾವುಗಳ ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿರುತ್ತದೆ. ಇಂಥವನ್ನು ದೀರ್ಘಕಾಲ ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಹಾಗಾಗಿ ಜಾತಿ ಖಚಿತವಾಗುವವರೆಗೆ ಯಾವ ಹಾವನ್ನೂ ಕೈಯಿಂದ ಮುಟ್ಟಬಾರದು. ದೂರದಿಂದ ಕಣ್ಣಿಟ್ಟು, ಕೋಣೆಯ ಬಾಗಿಲು ಹಾಕಿ, ಬಾಗಿಲಡಿಯ ಸಂದಿಗೆ ಟವೆಲ್ ತುರುಕಿ, ತರಬೇತಿ ಪಡೆದ ಹಾವು ಹಿಡಿಯುವವರನ್ನೋ ವನ್ಯಜೀವಿ ಇಲಾಖೆಯವರನ್ನೋ ಕರೆಯುವುದು ಸರಿಯಾದ ದಾರಿ. ಕೊಂದು ಕೈತೊಳೆದುಕೊಳ್ಳಲು ಹೋಗುವವರು ಹಾವಿಗೆ ಕೋಲಿನಷ್ಟು ಹತ್ತಿರ ಹೋಗಬೇಕಾಗುತ್ತದೆ. ಇನ್ನೂ ಒಂದು ವಿಷಯ: ಕತ್ತರಿಸಿ ಬಿದ್ದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ಕಾನೂನಿನ ಮಾತನ್ನು ಇಲ್ಲಿಯೇ ಮುಗಿಸಿಬಿಡೋಣ. ಕಾಡಿನ ಹಾವನ್ನು ಹಿಡಿದು ಇಟ್ಟುಕೊಳ್ಳುವುದು ಹಲವು ದೇಶಗಳಲ್ಲಿ ಅಪರಾಧ, ಇಲ್ಲವೇ ಪರವಾನಗಿ ಬೇಕಾದ ಕೆಲಸ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಹಾವುಗಳನ್ನು ಅನುಮತಿಯಿಲ್ಲದೆ ಹಿಡಿಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಬ್ರಿಟನ್ನಿನಲ್ಲಿ 1981ರ ಕಾಯ್ದೆ ಅಲ್ಲಿನ ಹಾವುಗಳನ್ನು ಬೇಕೆಂದೇ ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಸ್ಥಳೀಯ ಹಾವು ಸಾಕಲು ಪರವಾನಗಿ ಬೇಕು, ಅದಿದ್ದರೂ ಹಿತ್ತಲಲ್ಲಿ ಸಿಕ್ಕಿದ್ದನ್ನು ಎತ್ತಿಟ್ಟುಕೊಳ್ಳುವ ಹಕ್ಕು ಬರುವುದಿಲ್ಲ. ನಿಮ್ಮ ಊರಿನ ನಿಯಮ ‘ಕೂಡದು’ ಎಂದರೆ ಚರ್ಚೆ ಅಲ್ಲಿಗೇ ಮುಗಿಯಿತು. ‘ಆಗಬಹುದು’ ಎಂದರೂ ಮುಂದಿನದನ್ನು ಓದುವುದು ಒಳ್ಳೆಯದು.

ಹಾವು ಬಲ್ಲ ನೆಲ

ಹಾವು ಮನೆಗೆ ಬರುವುದು ಮನೆಗಾಗಿ ಅಲ್ಲ. ಇಲಿ, ಹಲ್ಲಿ, ಕಪ್ಪೆಯ ವಾಸನೆ ಹಿಡಿದು ಬರುತ್ತದೆ. ಸುಡುವ ಮಧ್ಯಾಹ್ನದಲ್ಲಿ ತಂಪು ಹುಡುಕಿ, ಚಳಿಯಲ್ಲಿ ಬೆಚ್ಚನೆಯ ಸಂದಿ ಹುಡುಕಿ ಬರುತ್ತದೆ. ಬಿಲಕ್ಕೆ ನೀರು ನುಗ್ಗಿದರೆ ಬರುತ್ತದೆ. ಕೂಡುವ ಕಾಲದಲ್ಲಿ ಗಂಡುಹಾವು ಹೆಣ್ಣಿನ ಜಾಡು ಹಿಡಿದು ಎಲ್ಲೆಂದರಲ್ಲಿ ಅಲೆಯುತ್ತದೆ. ಮೊಟ್ಟೆಯೊಡೆದ ಮರಿಗಳು ಚದುರುವ ದಿನಗಳಲ್ಲಿ ಒಂದೆರಡು ಬಚ್ಚಲಿಗೋ ಚಪ್ಪಲಿಗೂಡಿಗೋ ಸೇರುವುದೂ ಉಂಟು. ಬಹುತೇಕ ಸಂದರ್ಭಗಳಲ್ಲಿ ಅದು ಆಸುಪಾಸಿನಲ್ಲೇ ಎಷ್ಟೋ ದಿನದಿಂದ ಇದ್ದದ್ದು, ನಿಮ್ಮ ಕಣ್ಣಿಗೆ ಬಿದ್ದದ್ದು ಮಾತ್ರ ಇಂದು.

ಬೆಳೆದ ಹಾವಿಗೆ ತನ್ನ ಓಡಾಟದ ಎಲ್ಲೆ ಎಂಬುದೊಂದಿರುತ್ತದೆ. ಸಣ್ಣ ಜಾತಿಗಳಿಗೆ ಅದು ಒಂದು ತೋಟದಷ್ಟು, ದೊಡ್ಡವುಗಳಿಗೆ ಹತ್ತಾರು ಹೆಕ್ಟೇರು. ಆ ಎಲ್ಲೆಯೊಳಗೆ ಬೆಳಗಿನ ಬಿಸಿಲು ಯಾವ ಕಲ್ಲಿನ ಮೇಲೆ ಮೊದಲು ಬೀಳುತ್ತದೆ, ಹದ್ದು ಕಂಡರೆ ನುಗ್ಗಬೇಕಾದ ಬಿಲ ಯಾವುದು, ಬೇಸಗೆಯಲ್ಲೂ ಒಣಗದ ನೀರು ಎಲ್ಲಿದೆ, ಇಲಿ ಓಡಾಡುವ ಜಾಡು ಎಲ್ಲಿ ಎಂಬುದೆಲ್ಲ ಅದಕ್ಕೆ ಗೊತ್ತು. ಮೈಯನ್ನು ತಾನೇ ಬಿಸಿಮಾಡಿಕೊಳ್ಳಲಾರದ ಪ್ರಾಣಿಗೆ ಈ ತಿಳಿವಳಿಕೆಯೇ ಜೀವ. ಸರಿಯಾದ ಹೊತ್ತಿಗೆ ಸರಿಯಾದ ಬಿಸುಪು ಸಿಗದಿದ್ದರೆ ಅದಕ್ಕೆ ತಿಂದದ್ದು ಕರಗುವುದಿಲ್ಲ, ಓಡಲಾಗುವುದಿಲ್ಲ, ಪೊರೆ ಬಿಡುವುದೂ ಕಷ್ಟ.

ಈ ನೆಲದಿಂದ ಕಿತ್ತು ದೂರ ಒಯ್ದರೆ ಏನಾಗುತ್ತದೆ ಎಂಬುದನ್ನು ವಿಜ್ಞಾನಿಗಳು ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ನೋಡಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಟಿಂಬರ್ ರ್‍ಯಾಟಲ್ ಎಂಬ, ಬಾಲ ಅಲುಗಿಸಿ ಸದ್ದು ಮಾಡುವ ವಿಷದ ಹಾವುಗಳನ್ನು ಅವುಗಳದೇ ಜಾತಿ ನೆಲೆಸಿರುವ, ಎಲ್ಲ ರೀತಿಯಿಂದಲೂ ಯೋಗ್ಯವಾದ ಬೇರೊಂದು ಕಾಡಿಗೆ ಬಿಟ್ಟು ಹಿಂಬಾಲಿಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಹೊರಗಿನಿಂದ ತಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು. ಅಲ್ಲಿಯೇ ಹುಟ್ಟಿ ಬೆಳೆದವುಗಳಲ್ಲಿ ಸತ್ತದ್ದು ಸುಮಾರು ಒಂಬತ್ತರಲ್ಲಿ ಒಂದು. ಕಾಡು ಒಂದೇ, ಹಾವೂ ಒಂದೇ ಜಾತಿ. ವ್ಯತ್ಯಾಸ ಆ ಜಾಗದ ಪರಿಚಯದ್ದು. ಹೊಸ ಹಾವುಗಳು ದಿಕ್ಕು ತಿಳಿಯದೆ ಅಲೆದಿದ್ದವು, ಅಲೆಯುವ ಹಾವು ಬೇಗ ಬೇಟೆಯಾಗುತ್ತದೆ, ಹೊಂಚಿಗೆ ಜಾಗ ಸಿಗದೆ ಸೊರಗುತ್ತದೆ.

ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ನಡೆದ ಇಂಥದೇ ಇನ್ನೊಂದು ಅಧ್ಯಯನದಿಂದ ಮನುಷ್ಯರೂ ಕಲಿಯಬೇಕಾದದ್ದಿದೆ. ಅಲ್ಲಿ ಟೈಗರ್ ಎಂಬ ವಿಷದ ಹಾವುಗಳನ್ನು ಹಿಡಿದು ಬೇರೆಡೆಯ ಉದ್ಯಾನಕ್ಕೆ ಬಿಟ್ಟಾಗ, ಅವು ಅಲ್ಲಿನ ಮೂಲ ನಿವಾಸಿ ಹಾವುಗಳಿಗಿಂತ ಎಷ್ಟೋ ಪಟ್ಟು ದೊಡ್ಡ ಪ್ರದೇಶದಲ್ಲಿ ತಿರುಗಾಡಿದವು, ಪಕ್ಕದ ಮನೆಗಳ ಅಂಗಳಕ್ಕೂ ನುಗ್ಗಿದವು. ಅಂದರೆ, ದೂರ ಬಿಟ್ಟರೆ ಅಪಾಯ ಕಳೆಯಿತು ಎಂಬ ಲೆಕ್ಕ ತಪ್ಪು. ಅಪಾಯವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ, ಅದೂ ದಿಕ್ಕೆಟ್ಟ ಸ್ಥಿತಿಯಲ್ಲಿ, ಸಾಗಿಸಿದಂತಾಗುತ್ತದೆ.

ಗಾಜಿನ ಪೆಟ್ಟಿಗೆಯೊಳಗೆ

ಇನ್ನು ಸಾಕುವ ಮಾತು. ನೆಲವನ್ನು ಕಸಿದ ಮೇಲೆ ಅದು ಕೊಡುತ್ತಿದ್ದುದೆಲ್ಲವನ್ನೂ ಪೆಟ್ಟಿಗೆಯೊಳಗೆ ನಾವೇ ಒದಗಿಸಬೇಕು ಎಂಬುದನ್ನು ಹಲವರು ಮರೆಯುತ್ತಾರೆ.

ಮೊದಲ ತೊಡಕು ಆಹಾರ. ಸಾಕುಪ್ರಾಣಿ ಅಂಗಡಿಯ ಹಾವುಗಳು ಇಲಿ ತಿನ್ನುತ್ತವೆ ಎಂಬ ಕಾರಣಕ್ಕೆ ಎಲ್ಲ ಹಾವುಗಳೂ ತಿನ್ನುತ್ತವೆ ಎಂದು ಭಾವಿಸುತ್ತೇವೆ. ಕಾಡಿನ ಹಾವುಗಳ ನಾಲಿಗೆ ಅಷ್ಟು ಸಡಿಲವಲ್ಲ. ಕೆಲವು ಜಾತಿಗಳಿಗೆ ಕಪ್ಪೆ ಮಾತ್ರ, ಕೆಲವಕ್ಕೆ ಹಲ್ಲಿ ಮಾತ್ರ. ಗೊಂಡೆಹುಳು, ಬಸವನಹುಳುಗಳನ್ನಷ್ಟೇ ತಿನ್ನುವವುಗಳಿವೆ. ಆಫ್ರಿಕಾದಲ್ಲಿ ಹಕ್ಕಿಯ ಮೊಟ್ಟೆ ಬಿಟ್ಟು ಬೇರೇನನ್ನೂ ಮುಟ್ಟದ ಹಾವೊಂದಿದೆ. ಹೂಕುಂಡದ ಮಣ್ಣಿನಲ್ಲಿ ಎರೆಹುಳುವಿನಂತೆ ಕಾಣಿಸಿಕೊಳ್ಳುವ ಹುಳುಹಾವಿಗೆ ಇರುವೆ, ಗೆದ್ದಲುಗಳ ಮೊಟ್ಟೆ ಮರಿಗಳೇ ಬೇಕು. ಇವುಗಳ ಮುಂದೆ ಇಲಿಮರಿ ಹಿಡಿದರೆ ತಿರುಗಿಯೂ ನೋಡುವುದಿಲ್ಲ. ಸಿಕ್ಕಿದ್ದನ್ನು ತಿಂದರೂ ತೊಂದರೆ ತಪ್ಪುವುದಿಲ್ಲ: ಗಾರ್ಟರ್ ಹಾವಿನಂಥ ಮೀನುಬಾಕಗಳಿಗೆ ಗೋಲ್ಡ್‌ಫಿಶ್‌ನಂಥ ಮೀನುಗಳನ್ನೇ ಹಾಕುತ್ತಾ ಹೋದರೆ, ಆ ಮೀನಿನಲ್ಲಿರುವ ಒಂದು ಕಿಣ್ವ ಬಿ1 ಜೀವಸತ್ವವನ್ನು ಒಡೆದುಹಾಕಿ ಹಾವಿಗೆ ಸೆಳವು ಬರಿಸುತ್ತದೆ. ಇನ್ನು, ಇಷ್ಟದ ಆಹಾರವನ್ನೇ ತಂದಿಟ್ಟರೂ ಸೆರೆಸಿಕ್ಕ ಹಾವು ವಾರಗಟ್ಟಲೆ ಬಾಯಿ ತೆರೆಯದಿರುವುದು ಸಾಮಾನ್ಯ. ಸಾಕುವವರು ಗಾಬರಿಗೊಂಡು ಬಾಯಿಗೆ ತುರುಕುತ್ತಾರೆ, ಅದು ಕಕ್ಕುತ್ತದೆ, ಇನ್ನಷ್ಟು ಸೊರಗುತ್ತದೆ.

ಎರಡನೆಯದು ಬಿಸುಪು. ಹಾವಿಗೆ ಬೇಕಾದದ್ದು ಒಂದೇ ಹದದ ಬೆಚ್ಚನೆಯ ಪೆಟ್ಟಿಗೆಯಲ್ಲ. ಒಂದು ತುದಿ ಬಿಸಿ, ಇನ್ನೊಂದು ತಂಪು, ಎರಡೂ ಕಡೆ ಅವಿತುಕೊಳ್ಳಲು ಮರೆ. ಹೊಟ್ಟೆಗೆ ಬಿದ್ದ ಇಲಿ ಕರಗಲು ಸಾಕಷ್ಟು ಬಿಸಿ ಸಿಗದಿದ್ದರೆ ಒಳಗೇ ಕೊಳೆಯುತ್ತದೆ. ಗಾಳಿಯಲ್ಲಿ ತೇವ ಕಡಿಮೆಯಾದರೆ ಪೊರೆ ಇಡಿಯಾಗಿ ಕಳಚದೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ, ಕಣ್ಣಿನ ಮೇಲಿನ ಪೊರೆಯೂ ಉಳಿದುಬಿಡುತ್ತದೆ. ತೇವ ಹೆಚ್ಚಾಗಿ ನೆಲ ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆಗಳ ಮೇಲೆ ಗುಳ್ಳೆ ಏಳುತ್ತದೆ. ಯಾವ ಜಾತಿಗೆ ಎಷ್ಟು ಬೇಕು ಎಂಬುದು ಸಾಕಣೆಯಲ್ಲಿ ಹುಟ್ಟಿ ಬೆಳೆದ ಕೆಲವು ಜಾತಿಗಳ ಮಟ್ಟಿಗೆ ಚೆನ್ನಾಗಿ ತಿಳಿದಿದೆ. ಹಿತ್ತಲಿನ ಬಹುಪಾಲು ಹಾವುಗಳ ಬಗ್ಗೆ ಅಂಥ ಕೈಪಿಡಿ ಇಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ಮೂತಿಯನ್ನು ಗಮನಿಸಬೇಕು. ಕಾಡಿನ ಹಾವನ್ನು ಗಾಜಿನೊಳಗಿಟ್ಟು ಸಂಜೆ ದೀಪ ಮಂದ ಮಾಡಿ ದೂರದಲ್ಲಿ ಕೂತು ನೋಡಿ. ನಾಲಿಗೆ ಚಾಚುತ್ತಾ ಗಾಜಿನ ಬುಡದುದ್ದಕ್ಕೂ ಹರಿದು ಮೂಲೆಗೆ ಬರುತ್ತದೆ, ಮೂಲೆಯಲ್ಲಿ ಮೇಲಕ್ಕೇರಿ ಮುಚ್ಚಳದ ಜಾಲರಿಗೆ ಮೂತಿಯನ್ನು ಒತ್ತುತ್ತದೆ, ಜಾರಿ ಬೀಳುತ್ತದೆ, ಮತ್ತೆ ಬುಡದಿಂದ ಆರಂಭಿಸುತ್ತದೆ. ಗಾಜು ಎಂದರೇನೆಂದು ಅದಕ್ಕೆ ತಿಳಿಯುವುದಿಲ್ಲ. ಆಚೆಯದು ಕಾಣುತ್ತಿರುವಾಗ ದಾರಿ ಇರಲೇಬೇಕಲ್ಲ. ರಾತ್ರಿಯಿಡೀ ಹೀಗೆ ಉಜ್ಜಿ ಉಜ್ಜಿ ಮೂತಿಯ ಹುರುಪೆ ಸವೆದು ಹಸಿಗಾಯವಾಗುತ್ತದೆ, ಗಾಯದಿಂದ ಸೋಂಕು ಬಾಯಿಯೊಳಗೆ ಇಳಿದು ಒಸಡು ಕೊಳೆಯತೊಡಗುತ್ತದೆ. ಕಾಡಿನಿಂದ ಬಂದ ಹಾವಿನ ಮೈಯಲ್ಲಿ ಉಣ್ಣಿ, ಕರುಳಿನಲ್ಲಿ ಜಂತುಹುಳು ಇದ್ದೇ ಇರುತ್ತವೆ. ಹೊರಗಿದ್ದಾಗ ಅವುಗಳೊಡನೆ ಹೇಗೋ ಬಾಳುತ್ತಿದ್ದ ಹಾವು, ಸೆರೆಯ ಒತ್ತಡದಲ್ಲಿ ಅವಕ್ಕೆ ಸೋಲುತ್ತದೆ.

‘ಇಲ್ಲ, ನಮ್ಮದು ಸುಮ್ಮನಿದೆ, ಕೈಮೇಲೆ ಹಾಯಾಗಿ ಮಲಗುತ್ತದೆ’ ಎನ್ನುವವರಿದ್ದಾರೆ. ಅಲುಗದೆ ಇರುವುದು ಹಾವಿನ ಅತಿ ಹಳೆಯ ರಕ್ಷಣಾ ವಿದ್ಯೆ. ಅದಕ್ಕೆ ಭಯಪಟ್ಟ ಮುಖವೂ ಇಲ್ಲ, ಕೂಗಲು ದನಿಯೂ ಇಲ್ಲ. ಕೈಮೇಲೆ ಇರುವುದು ನಮ್ಮ ಮೈಯ ಬಿಸಿಗೆ. ನಾಯಿಯನ್ನು ಓದುವ ಕಣ್ಣಿನಿಂದ ಹಾವನ್ನು ಓದಲು ಹೋದವರಿಗೆ ಅದರ ಸಂಕಟ ತಿಳಿಯುವುದು ಅದು ಸಾಯುವ ಹೊತ್ತಿಗೆ.

ಒಂದು ವೇಳೆ ಒಗ್ಗಿಕೊಂಡು ಬದುಕಿತು ಎನ್ನಿ. ಆಗ ಎಷ್ಟು ವರ್ಷ ನೋಡಿಕೊಳ್ಳಲು ಸಿದ್ಧ ಎಂಬ ಪ್ರಶ್ನೆ ಬರುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವು 2020ರಲ್ಲಿ ಮೊಟ್ಟೆಯಿಟ್ಟು ಸುದ್ದಿಯಾಯಿತು. ಹತ್ತು ವರ್ಷದ ಹುಡುಗನೊಬ್ಬನ ಆಸೆಗೆ ಮಣಿದು ತಂದ ಹಾವನ್ನು, ಅವನು ಓದಿಗೆ ಊರು ಬಿಟ್ಟ ಮೇಲೆ, ಯಾರು ನೋಡಿಕೊಳ್ಳುತ್ತಾರೆ? ಸಾಕಲೇಬೇಕೆಂಬ ಒಲವಿದ್ದು ಕಾನೂನೂ ಒಪ್ಪುವುದಾದರೆ, ಹತ್ತಾರು ತಲೆಮಾರು ಸಾಕಣೆಯಲ್ಲೇ ಹುಟ್ಟಿದ ಜಾತಿಯ ಮರಿಯನ್ನು ತರಬಹುದು. ಮನೆಗೆ ದಾರಿತಪ್ಪಿ ಬಂದ ಹಾವು ಅದಕ್ಕೆ ಬದಲಿಯಲ್ಲ. ನನ್ನ ಮಟ್ಟಿಗೆ ಇದರಲ್ಲಿ ಎರಡನೆಯ ಮಾತಿಲ್ಲ.

ಬಿಡುವ ಕ್ರಮ

ನಿರಪಾಯಕಾರಿ ಎಂದು ಖಚಿತವಾದ ಹಾವನ್ನು ಅದೇ ದಿನ, ಸಿಕ್ಕ ಜಾಗಕ್ಕೆ ಆದಷ್ಟು ಹತ್ತಿರ ಬಿಡಬೇಕು. ಹತ್ತಿರ ಎಂದರೆ ನಡೆದು ಹೋಗುವಷ್ಟು: ಹಿತ್ತಲಿನಾಚೆಯ ಪೊದೆ, ಕಲ್ಲುಗುಡ್ಡೆ, ಬೇಲಿಸಾಲು. ಮತ್ತೆ ಬಂದರೆ ಎಂದು ನೆರೆಯವರು ತಕರಾರು ತೆಗೆಯುತ್ತಾರೆ. ಅದು ಇಷ್ಟು ದಿನವೂ ಅಲ್ಲೇ ಇತ್ತು ಎಂಬ ಉತ್ತರ ಅವರಿಗೆ ಸಮಾಧಾನ ತರುವುದಿಲ್ಲ ಎಂದು ಗೊತ್ತು, ಆದರೂ ಹೇಳಬೇಕು. ವಿಷದ ಹಾವಿನ ವಿಷಯ ಬೇರೆ. ಮಕ್ಕಳಾಡುವ ಅಂಗಳದ ಬದಿಗೇ ಅದನ್ನು ಮರಳಿ ಬಿಡಿ ಎಂದು ಯಾರೂ ಹೇಳಲಾರರು. ಆದರೆ ಅಲ್ಲಿಯೂ ನೂರು ಕಿಲೋಮೀಟರ್ ಆಚೆಯ ಅಭಯಾರಣ್ಯಕ್ಕಿಂತ, ಜನವಸತಿಯಿಲ್ಲದ ಅತಿ ಹತ್ತಿರದ ಜಾಗವೇ ವಾಸಿ. ಅದನ್ನು ನಿರ್ಧರಿಸಬೇಕಾದವರು ಹಿಡಿಯಲು ಬಂದ ತಜ್ಞರು, ಮನೆಯವರಲ್ಲ.

ಬಿಡುವವರೆಗೆ ಗಾಳಿಯಾಡುವ ಸಣ್ಣ ತೂತುಗಳಿರುವ, ಭದ್ರವಾಗಿ ಮುಚ್ಚುವ ಡಬ್ಬ ಅಥವಾ ಬಿಗಿಯಾಗಿ ಕಟ್ಟಿದ ಹತ್ತಿಬಟ್ಟೆಯ ಚೀಲ ಸಾಕು. ನೆರಳಿನಲ್ಲಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಬೆಂದು ಸಾಯುತ್ತದೆ. ತಿನ್ನಲು ಏನೂ ಕೊಡಬೇಡಿ, ಹಾಲನ್ನಂತೂ ಬೇಡವೇ ಬೇಡ. ಅದು ಹಾವಿನ ಆಹಾರವಲ್ಲ. ಹಗಲಿನಲ್ಲಿ ಓಡಾಡುವ ಜಾತಿಯನ್ನು ಬೆಳಗ್ಗೆ, ಇರುಳಿನದನ್ನು ಸಂಜೆ ಬಿಡುವುದು ಸೂಕ್ತ. ಡಬ್ಬವನ್ನು ಪೊದೆಯ ಕಡೆಗೆ ಮುಖಮಾಡಿ ಓರೆಯಾಗಿಸಿ ಹಿಂದೆ ಸರಿದರಾಯಿತು. ಫೋಟೊಗಾಗಿ ಬೆನ್ನಟ್ಟಬೇಡಿ. ಮಕ್ಕಳಿಗೆ ತೋರಿಸುವುದಿದ್ದರೆ ಡಬ್ಬದಲ್ಲಿರುವಾಗಲೇ ತೋರಿಸಿ: ಬಾಯಿ ತೆರೆಯದೆಯೇ ನಾಲಿಗೆ ಹೊರಬರಲು ಮೇಲ್ದುಟಿಯ ನಡುವೆ ಇರುವ ಪುಟ್ಟ ಕಂಡಿ, ಮುಚ್ಚದ ಕಣ್ಣು, ಪೊರೆ ಬಿಡುವ ಮುಂಚೆ ಆ ಕಣ್ಣಿಗೆ ಕವಿಯುವ ನೀಲಿ ಮಬ್ಬು.

ತಕ್ಷಣ ಬಿಡಬಾರದ ಸಂದರ್ಭಗಳೂ ಇವೆ. ತೋಟದ ಬಲೆಗೆ ಸಿಕ್ಕಿಕೊಂಡ ಹಾವನ್ನು ಎಳೆದರೆ ನೂಲು ಹುರುಪೆಗಳಡಿ ಇನ್ನಷ್ಟು ಆಳಕ್ಕೆ ಕೊರೆಯುತ್ತದೆ. ಬಲೆಯನ್ನು ಸುತ್ತಲಿನಿಂದ ಕತ್ತರಿಸಿ, ಬಲೆಯ ತುಂಡಿನ ಸಮೇತ ಪಶುವೈದ್ಯರಲ್ಲಿಗೆ ಕಳಿಸಬೇಕು. ಇಲಿಗೆಂದು ಇಟ್ಟ ಅಂಟುಹಲಗೆಗೆ ಮೆತ್ತಿಕೊಂಡಿದ್ದರೆ ಅಡುಗೆ ಎಣ್ಣೆ ಅಂಟನ್ನು ಸಡಿಲಿಸುತ್ತದೆ, ಆದರೆ ಬಿಡಿಸುವ ಕೆಲಸ ಬಲ್ಲವರದು. ಹಿಮ ಬೀಳುವ ನಾಡುಗಳಲ್ಲಿ ನಡುಚಳಿಗಾಲದಲ್ಲಿ ನೆಲಮಾಳಿಗೆಯಲ್ಲಿ ಸಿಕ್ಕ ಹಾವನ್ನು ಹೊರಗೆ ಹಾಕುವುದೂ ಕೊಲ್ಲುವುದೂ ಒಂದೇ. ವನ್ಯಜೀವಿ ಪುನರ್ವಸತಿ ಕೇಂದ್ರದವರು ವಸಂತದವರೆಗೆ ಇಟ್ಟುಕೊಂಡು ಬಿಡುತ್ತಾರೆ. ಮಣ್ಣು ಅಗೆಯುವಾಗ ಮೊಟ್ಟೆಗಳು ಸಿಕ್ಕಿ, ಎತ್ತಿಡಲೇಬೇಕಾಗಿ ಬಂದರೆ, ಪ್ರತಿಯೊಂದರ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು. ಕೋಳಿಮೊಟ್ಟೆಯಂತೆ ಅವನ್ನು ತಿರುಗಿಸುವಂತಿಲ್ಲ. ಒಳಗಿನ ಭ್ರೂಣ ಮೇಲ್ಗಡೆಯ ಪೊರೆಗೆ ಅಂಟಿಕೊಂಡಿರುತ್ತದೆ, ಬುಡಮೇಲಾದರೆ ಸಾಯಬಹುದು.

ಎಂದೂ ಹೊರಗೆ ಬಿಡಲೇಬಾರದ ಹಾವು ಎಂದರೆ ಆ ನೆಲದ್ದಲ್ಲದ್ದು. ಯಾರೋ ಸಾಕಿದ್ದು ತಪ್ಪಿಸಿಕೊಂಡು ಬಂದಿರಬಹುದು, ಸರಕಿನ ಜತೆ ಹಡಗಿನಲ್ಲಿ ಬಂದಿರಬಹುದು. ಎರಡನೆಯ ಮಹಾಯುದ್ಧದ ನಂತರ ಹೀಗೇ ಪೆಸಿಫಿಕ್ ಸಾಗರದ ಗುವಾಮ್ ದ್ವೀಪ ಸೇರಿದ ಕಂದು ಮರಹಾವು ಅಲ್ಲಿನ ಕಾಡುಹಕ್ಕಿಗಳಲ್ಲಿ ಬಹುಪಾಲನ್ನು ನುಂಗಿ ಮುಗಿಸಿತು. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಇಂದು ಬೇರೂರಿರುವ ಬರ್ಮಾ ಹೆಬ್ಬಾವುಗಳ ಮೂಲ ಸಾಕುಪ್ರಾಣಿ ವ್ಯಾಪಾರ. ಇದೇ ಕಾರಣಕ್ಕೆ, ಸ್ಥಳೀಯ ಹಾವಾದರೂ ಅದನ್ನು ತಿಂಗಳುಗಟ್ಟಲೆ ಬೇರೆ ಸಾಕುಹಾವುಗಳ ಪಕ್ಕದಲ್ಲಿಟ್ಟು ಆಮೇಲೆ ಮನಸ್ಸು ಬದಲಿಸಿ ಹೊರಬಿಡಬಾರದು. ಚರ್ಮವನ್ನು ಕೊಳೆಯಿಸುವ ಶಿಲೀಂಧ್ರ ರೋಗವೊಂದು ಉತ್ತರ ಅಮೆರಿಕದ ಕಾಡುಹಾವುಗಳನ್ನು ಈಗಾಗಲೇ ಕಾಡುತ್ತಿದೆ. ಸಾಕಿದ ಹಾವಿನ ಮೈಮೇಲೆ ಏನು ಏರಿ ಹೊರಗೆ ಹೋಗುತ್ತದೆ ಎಂದು ಬರಿಗಣ್ಣಿಗೆ ತಿಳಿಯದು. ಅಂಥದ್ದನ್ನು ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸಿ, ವನ್ಯಜೀವಿ ಇಲಾಖೆಗೆ ಒಪ್ಪಿಸುವುದೇ ಉಳಿದ ದಾರಿ.

ಹಾವು ಹೋದ ಮೇಲೆ ಮನೆಯ ಸುತ್ತ ಒಮ್ಮೆ ಟಾರ್ಚ್ ಹಿಡಿದು ಬನ್ನಿ. ಪೆನ್ಸಿಲ್ ತೂರುವಷ್ಟು ಸಂದಿ ಮರಿಹಾವಿಗೆ ಹೆದ್ದಾರಿ. ಬಾಗಿಲಡಿಯ ಪಟ್ಟಿ, ಕೊಳವೆ ಗೋಡೆ ದಾಟುವ ಜಾಗ, ಬಚ್ಚಲ ಮೋರಿಗೆ ಜಾಲರಿ, ಇಲಿ ಹೆಚ್ಚಿದ್ದರೆ ಅದಕ್ಕೊಂದು ವ್ಯವಸ್ಥೆ. ಆದರೆ ಹಾವು ಗೋಡೆಯ ಬಿರುಕಿನೊಳಗೆ ನುಸುಳಿದ್ದು ಕಂಡು, ಹೊರಬಂದದ್ದು ಕಾಣದಿದ್ದರೆ ಆತುರದಿಂದ ಸಿಮೆಂಟು ಮೆತ್ತಬೇಡಿ. ಹೊರಬಾಯಿ ಮುಚ್ಚಿದರೆ ಅದಕ್ಕೆ ಉಳಿಯುವ ದಾರಿ ಮನೆಯೊಳಗಿನದು.